ಕೊರಳಿನ ಗಂಟಿಗೆ ಸೂಜಿಯ ಸಾಕ್ಷಿ

ಕೊರಳಿನ ಮುಂಭಾಗದಲ್ಲಿ ಗಂಟೊಂದು ಕೈಗೆ ತಗುಲಿತೆಂದರೆ ಗಿರಣಿಯ ಕೆಲಸಗಾರರಿಗಾಗಲಿ ಕಿರಾಣಿ ಅಂಗಡಿಯವರಿಗಾಗಲಿ ಎರಡೇ ದಾರಿ ಕಾಣುತ್ತವೆ. ನೋವಿಲ್ಲವಲ್ಲ ಎಂದು ಸುಮ್ಮನಿರುವುದು ಒಂದು. ಇದ್ದಬದ್ದ ಬಂಗಾರವನ್ನು ಒತ್ತೆಯಿಟ್ಟು ಆಪರೇಷನ್ ಮಾಡಿಸಿಕೊಳ್ಳುವುದು ಇನ್ನೊಂದು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಥೈರಾಯ್ಡ್ ಗ್ರಂಥಿಯ ಆ ಗಂಟಿನಿಂದ ಸಣ್ಣ ಸೂಜಿಯಲ್ಲಿ ಜೀವಕೋಶಗಳನ್ನು ತೆಗೆದು, ಗಾಜಿನ ಪಟ್ಟಿಗೆ ಬಳಿದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. ಆಸ್ಪತ್ರೆಯ ಚೀಟಿಯಲ್ಲಿ ಇದನ್ನೇ ಎಫ್.ಎನ್.ಎ.ಸಿ. ಎಂದು ಬರೆಯುತ್ತಾರೆ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆಂಬ ಮಾತು ನಮ್ಮ ಓಣಿಗಳಲ್ಲಿ ಬೇರೂರಿದೆ. ಥೈರಾಯ್ಡಿನ ಮಟ್ಟಿಗೆ ಹಾಗಾಗುವುದು ಅತಿ ವಿರಳ. ಈ ಭಯದಿಂದ ಪರೀಕ್ಷೆ ತಪ್ಪಿಸಿಕೊಂಡು ಕೆಟ್ಟವರೇ ಹೆಚ್ಚು.

ನೂರು ಮಂದಿ ವಯಸ್ಕರ ಕೊರಳನ್ನು ಮುಟ್ಟಿ ನೋಡಿದರೆ 4ರಿಂದ 7 ಮಂದಿಯಲ್ಲಿ ಗಂಟು ಸಿಕ್ಕುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅಂಥ ನೂರು ಗಂಟುಗಳಲ್ಲಿ ಕ್ಯಾನ್ಸರ್ ಇರುವುದು ಸುಮಾರು 5ರಿಂದ 15ರಲ್ಲಿ ಮಾತ್ರ. ಹಾಗಿದ್ದ ಮೇಲೆ ಎಲ್ಲರ ಕೊರಳನ್ನೂ ಕುಯ್ಯುವುದು ಯಾವ ನ್ಯಾಯ? ಅಮೆರಿಕದ ಮೇಯೊ ಕ್ಲಿನಿಕ್‌ನ ಘರೀಬ್ ಮತ್ತು ಗೋಲ್ನರ್ ಎಂಬ ವೈದ್ಯರು 1993ರಲ್ಲಿ ಲೆಕ್ಕ ಕೊಟ್ಟರು: ಸೂಜಿ ಪರೀಕ್ಷೆ ಬಂದ ಮೇಲೆ ಆಪರೇಷನ್ನಿಗೆ ಹೋಗುವವರ ಪ್ರಮಾಣ ಕಾಲುಭಾಗ ಇಳಿಯಿತು, ಆಪರೇಷನ್ ಆದವರಲ್ಲಿ ನಿಜವಾಗಿ ಕ್ಯಾನ್ಸರ್ ಸಿಕ್ಕುವ ಪ್ರಮಾಣ ನೂರಕ್ಕೆ 15ರಿಂದ 30ಕ್ಕೆ ಏರಿತು. ಗ್ರಂಥಿಯನ್ನು ಪೂರಾ ತೆಗೆದವರು ಜೀವಮಾನವಿಡೀ ಗುಳಿಗೆ ನುಂಗಬೇಕು, ಕೆಲವರ ದನಿಯೂ ಒಡೆಯುತ್ತದೆ ಎಂಬುದನ್ನು ನೆನೆದರೆ ಈ ಲೆಕ್ಕದ ಬೆಲೆ ತಿಳಿದೀತು.

ಹಾಗೆಂದು ಸೂಜಿಯ ಮಾತು ವೇದವಾಕ್ಯವೇನಲ್ಲ. ವೈದ್ಯರು ಇದರ ಉತ್ತರಗಳನ್ನು ಬೆಥೆಸ್ಡಾ ಪದ್ಧತಿಯೆಂಬ ಆರು ವರ್ಗಗಳಲ್ಲಿ ಬರೆಯುತ್ತಾರೆ. 2023ರ ಪರಿಷ್ಕರಣದ ಪ್ರಕಾರ, 'ಅಪಾಯವಿಲ್ಲ' ಎಂದ ನೂರರಲ್ಲಿ ಸುಮಾರು 4 ಕ್ಯಾನ್ಸರ್ ಆಗಿರಬಹುದು. 'ಕ್ಯಾನ್ಸರ್' ಎಂದ ನೂರರಲ್ಲಿ 97 ನಿಜವಾಗಿರುತ್ತವೆ. ಎರಡು ತುದಿಗಳಲ್ಲಿ ಸೂಜಿ ಒಳ್ಳೆಯ ಸಾಕ್ಷಿಯೇ. ತೊಡಕಿರುವುದು ನಡುವೆ. ಫಾಲಿಕ್ಯುಲರ್ ಎಂಬ ಜಾತಿಯ ಗಂಟಿನಲ್ಲಿ ಒಳ್ಳೆಯದರ ಜೀವಕೋಶವೂ ಕೆಟ್ಟದರ ಜೀವಕೋಶವೂ ನೋಡಲು ಒಂದೇ. ಗಂಟು ತನ್ನ ಸುತ್ತಲಿನ ಪೊರೆಯನ್ನು ಅಥವಾ ರಕ್ತನಾಳವನ್ನು ಭೇದಿಸಿದೆಯೇ ಎಂಬುದರ ಮೇಲೆ ತೀರ್ಪು ನಿಂತಿದೆ. ಕಳ್ಳ ಬೇಲಿ ಹಾರಿದನೋ ಇಲ್ಲವೋ ಎಂಬುದು ಬೇಲಿಯನ್ನು ನೋಡಿದರೆ ತಿಳಿದೀತು, ಅವನ ಮುಖ ನೋಡಿದರೆ ತಿಳಿಯುವುದೆಂತು? ಸೂಜಿಗೆ ಸಿಕ್ಕುವುದು ಮುಖ ಮಾತ್ರ. ಆದುದರಿಂದ 'ಹೇಳಲಾಗದು' ಎಂಬ ವರದಿ ಬಂದರೆ ವೈದ್ಯರನ್ನು ಬೈಯಬೇಡಿ; ಅದು ಪ್ರಾಮಾಣಿಕ ಉತ್ತರ. ಇಂಥ ಗಂಟುಗಳ ಬಗೆ ಬಿಡಿಸಲು ಅಮೆರಿಕದಲ್ಲಿ ಜೀನ್ ಪರೀಕ್ಷೆಗಳಿವೆ, ಬೆಲೆ ಸಾವಿರಾರು ಡಾಲರ್. ಅದು ನಮ್ಮವರ ಮಾತಲ್ಲ ಬಿಡಿ.

ನಮ್ಮ ತಕರಾರು ಬೇರೆ. ಪ್ರಕಟವಾದ ವರದಿಗಳಲ್ಲಿ, ಇರುವ ಕ್ಯಾನ್ಸರನ್ನು ಈ ಪರೀಕ್ಷೆ ಪತ್ತೆಮಾಡುವ ಪ್ರಮಾಣ ನೂರಕ್ಕೆ 65ರಿಂದ 98ರವರೆಗೆ ಇದೆ. ಸೂಜಿ ಎಲ್ಲೆಡೆಯೂ ಹೆಚ್ಚುಕಡಮೆ ಅದೇ ಸೂಜಿ! ವ್ಯತ್ಯಾಸದ ಬಹುಪಾಲು ಚುಚ್ಚುವ ಕೈಯದು, ನೋಡುವ ಕಣ್ಣಿನದು. ಪಟ್ಟಿಯ ಮೇಲೆ ಹತ್ತತ್ತು ಜೀವಕೋಶಗಳ ಆರು ಗುಂಪುಗಳಾದರೂ ಇರಬೇಕೆಂಬುದು ಸಾಮಾನ್ಯ ನಿಯಮ. ಇಲ್ಲವಾದರೆ ಮತ್ತೆ ಚುಚ್ಚಬೇಕು. ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚಿದರೆ, ಅಲ್ಲಿಯೇ ಪಟ್ಟಿಗೆ ಬಣ್ಣ ಹಾಕಿ ಸಾಕಷ್ಟು ಬಂದಿದೆಯೇ ಎಂದು ನೋಡಿದರೆ, ಈ ಎರಡನೆಯ ಸುತ್ತು ಬಹಳ ಮಂದಿಗೆ ತಪ್ಪುತ್ತದೆ. ದಿನಗೂಲಿಯವನಿಗೆ ಎರಡನೆಯ ಸುತ್ತೆಂದರೆ ಇನ್ನೊಂದು ದಿನದ ಕೂಲಿ ಹೋಯಿತು. ಬಹಳ ಮಂದಿ ಮತ್ತೆ ಬರುವುದೇ ಇಲ್ಲ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇ.ಎಸ್.ಐ. ಆಸ್ಪತ್ರೆಯಲ್ಲೂ ಈ ಏರ್ಪಾಡು, ಪಳಗಿದ ತಜ್ಞರೊಬ್ಬರು ಇರಲೇಬೇಕೆಂದು ನಾವು ಒತ್ತಾಯಿಸುತ್ತೇವೆ. ಇ.ಎಸ್.ಐ. ಇಲ್ಲದ ಸಣ್ಣ ವ್ಯಾಪಾರಿಗೆ ಜಿಲ್ಲಾ ಆಸ್ಪತ್ರೆಯೇ ಗತಿ.

ಇದರ ವಿರುದ್ಧ ದಿಕ್ಕಿನ ಮೋಸವೂ ಇದೆ. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆ ಆರಂಭಿಸಿತು. ಅದರ ಜೊತೆಗೆ ಆಸ್ಪತ್ರೆಗಳು ಅಗ್ಗದ ದರದಲ್ಲಿ ಆರೋಗ್ಯವಂತರ ಕೊರಳಿಗೂ ಅಲ್ಟ್ರಾಸೌಂಡ್ ಹಿಡಿದವು. 2011ರ ಹೊತ್ತಿಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರ 15 ಪಟ್ಟಾಯಿತು. ಸಾಯುವವರ ಪ್ರಮಾಣ ಮಾತ್ರ ಕದಲಲಿಲ್ಲ. ಯಾವ ತೊಂದರೆಯನ್ನೂ ಕೊಡದೆ ಇದ್ದಿರಬಹುದಾದ ಚುಕ್ಕೆಗಳಿಗಾಗಿ ಸಾವಿರಾರು ಜನ ಕೊರಳು ಕೊಯ್ಸಿಕೊಂಡರು. ನಮ್ಮ ಪಟ್ಟಣಗಳಲ್ಲೂ 'ಫುಲ್ ಬಾಡಿ ಪ್ಯಾಕೇಜ್' ಬೋರ್ಡುಗಳು ತೂಗುತ್ತಿವೆ. ಗಂಟಾಗಲಿ ಲಕ್ಷಣವಾಗಲಿ ಇಲ್ಲದವರು ಆ ಬಾಗಿಲಿಗೆ ಹೋಗಬೇಕಿಲ್ಲ.

ಗಂಟಿರುವವರು ವರದಿಯ ಜೊತೆಗೆ ಗಾಜಿನ ಪಟ್ಟಿಗಳನ್ನೂ ಕೇಳಿರಿ; ಅನುಮಾನ ಬಂದಾಗ ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಯಲ್ಲಿ ಇನ್ನೊಬ್ಬರ ಕಣ್ಣಿಗೆ ಅವನ್ನೇ ತೋರಿಸಬಹುದು. 'ಅಪಾಯವಿಲ್ಲ' ಎಂದು ಬರೆದುಕೊಟ್ಟಿದ್ದರೂ ಗಂಟು ಬೆಳೆದರೆ, ದನಿ ಬದಲಾದರೆ, ಕೊರಳ ಪಕ್ಕದಲ್ಲಿ ಮತ್ತೊಂದು ಗಂಟು ಕಂಡರೆ ಹಳೆಯ ಚೀಟಿಯನ್ನು ನೆಚ್ಚಿ ಕೂರದೆ ಮತ್ತೆ ಹೋಗಿ ತೋರಿಸಿರಿ.