ಕೃಷ್ಣೆಯ ಬಣ್ಣವೂ ಬೆಳಕಿನ ಯಂತ್ರವೂ

ಸೌಂದರ್ಯವನ್ನು ಕುರಿತು ಬರೆಯುವುದು ಸಾಹಿತ್ಯದ ಅಧ್ಯಾಪಕನಿಗೆ ಹೊಸತಲ್ಲ. ಸೌಂದರ್ಯದ ಯಂತ್ರಗಳನ್ನು ಕುರಿತು ಆತ ಬರೆಯಬೇಕಾಗಿ ಬಂದುದು ಮಾತ್ರ ಈ ಕಾಲದ ವೈಚಿತ್ರ್ಯವೆನ್ನಬೇಕು. ಮಹಾನಗರಗಳಿಗೆ ಮೀಸಲೆನಿಸಿದ್ದ ಲೇಸರ್, ಬೊಟಾಕ್ಸ್, ಮುಖದ ಪೊರೆ ಸುಲಿಯುವ ದ್ರಾವಣ ಮುಂತಾದವುಗಳ ಹೆಸರು ಈಗ ಆಳಂದ, ಅಫಜಲಪುರ, ಜೇವರ್ಗಿಗಳ ಕಾಲೇಜು ಕಟ್ಟೆಗಳ ಮೇಲೂ ಕೇಳಿಬರುತ್ತಿದೆ. ತೊಗರಿಯ ರಾಶಿ ಮುಗಿದು ಕನ್ಯೆ ನೋಡುವ ಕಾಲ ಬಂದಿತೆಂದರೆ ಈ ಮಾತಿಗೆ ಇನ್ನಷ್ಟು ಬಿರುಸು.

ಇದರ ಪೂರ್ವೇತಿಹಾಸ ಮುಲಾಮಿನದು. 1975ರಲ್ಲಿ ನಮ್ಮ ದೇಶದ ಪೇಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಎಂದು ಹೆಸರು ಬದಲಿಸಿಕೊಂಡಿತು; ಬಿಳುಪಿನ ಬಯಕೆಯೇನೂ ಅದರೊಡನೆ ಬದಲಾಗಲಿಲ್ಲ. ಅದಕ್ಕಿಂತ ಕೇಡಿನದು ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂಬ ಸ್ಟೀರಾಯ್ಡುಗಳ ಮುಲಾಮು. ಇಸಬು, ತುರಿಗಳಿಗೆ ವೈದ್ಯರು ಅಳೆದು ಕೊಡಬೇಕಾದ ಮದ್ದನ್ನು ಬಣ್ಣಕ್ಕಾಗಿ ಬಳಿದುಕೊಂಡರೆ ಮೊದಲ ಕೆಲವು ವಾರ ಮುಖ ತಿಳಿಯಾಗುವುದು ದಿಟ. ಆ ಮೇಲೆ ಚರ್ಮ ತೆಳುವಾಗಿ, ಕೆಂಪು ನರಗಳೆದ್ದು, ಮೊಡವೆ ಕೂದಲುಗಳು ಹುಟ್ಟುತ್ತವೆ. ನಿಲ್ಲಿಸಿದರೆ ಉರಿ, ಉರಿ ತಾಳಲಾರದೆ ಮತ್ತೆ ಅದೇ ಮುಲಾಮು! 2018ರಲ್ಲಿ ಕೇಂದ್ರ ಸರಕಾರ ಇಂತಹ ಹದಿನಾಲ್ಕು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಆ ವಿಧಿ ಹೋಬಳಿಯ ಅಂಗಡಿಯವರೆಗೆ ನಡೆದು ಬಂದಿದೆಯೆ ಎಂಬುದನ್ನು ಓದುಗರೇ ವಿಚಾರಿಸಿ ನೋಡಬಹುದು.

ಇನ್ನು ಯಂತ್ರದ ಮಾತು. ಥಿಯೊಡೋರ್ ಮೈಮನ್ 1960ರಲ್ಲಿ ಮೊದಲ ಲೇಸರನ್ನು ಬೆಳಗಿಸಿದನು. ಒಂದು ನಿಶ್ಚಿತ ಅಲೆಯುದ್ದದ ಬೆಳಕನ್ನು ಕ್ಷಣಾಂಶದಷ್ಟು ಕಾಲ ಹಾಯಿಸಿದರೆ ಚರ್ಮದಲ್ಲಿ ನಾವು ಗುರಿಯಿಟ್ಟ ಅಂಶವಷ್ಟೇ ಬೆಂದು ಸುತ್ತಣ ಭಾಗ ಉಳಿಯುವುದೆಂಬ ತತ್ತ್ವವನ್ನು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಷ್ ಎಂಬ ಅಮೆರಿಕದ ವೈದ್ಯರು ಪ್ರತಿಪಾದಿಸಿದರು. ಕೂದಲು ತೆಗೆಯುವ ಲೇಸರಿನ ಗುರಿ ಮೆಲನಿನ್, ಎಂದರೆ ನಮ್ಮ ಕಪ್ಪು. ಬಿಳಿಯ ಚರ್ಮದಲ್ಲಿ ಕೂದಲೊಂದೇ ಕಪ್ಪಾದುದರಿಂದ ಬೆಳಕಿಗೆ ಗೊಂದಲವಿಲ್ಲ. ನಮ್ಮ ಎರೆಭೂಮಿಯ ಬಿಸಿಲುಂಡ ಮೈಯಲ್ಲಿ ಕೂದಲೂ ಕಪ್ಪು, ತೊಗಲೂ ಕಪ್ಪು. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಬೆಳಕು ತೊಗಲನ್ನೇ ಗುರಿಯೆಂದು ತಿಳಿದು ಸುಡಬಲ್ಲುದು; ಮೆಲನಿನ್ ಕಡಿಮೆ ಹೀರುವ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಬೆಳಕು ಕಪ್ಪು ಮೈಗೆ ಹೆಚ್ಚು ಕ್ಷೇಮಕರ. ಬಿಳಿಯ ಮೈಗೆ ಹೊಂದಿಸಿದ ಅಂಕೆಗಳಿಂದಲೇ ಕಪ್ಪು ಮೈಯ ಮೇಲೆ ಯಂತ್ರ ನಡೆಸಿದರೆ ಬಿಳುಪನ್ನರಸಿ ಹೋದವಳು ಇನ್ನಷ್ಟು ಕಪ್ಪಾದ ಕಲೆಗಳನ್ನು ಹೊತ್ತು ಬರಬೇಕಾದೀತು.

ತರಗತಿಯಲ್ಲೊಮ್ಮೆ, ದ್ರೌಪದಿಗೆ ಕೃಷ್ಣೆಯೆಂಬ ಹೆಸರು ಆಕೆಯ ಮೈಬಣ್ಣದಿಂದ ಬಂದುದೆಂದು ಹೇಳುತ್ತಿದ್ದೆ. ಹಿಂದಿನ ಸಾಲಿನಿಂದ ಒಬ್ಬಾಕೆ, “ಹಂಗಾದ್ರ ಆಕಿನ್ನ ನೋಡಾಕ ಬಂದವ್ರು ಒಪ್ಪಿದ್ರೇನ್ರಿ ಸರ?” ಎಂದಳು. ತರಗತಿಯೆಲ್ಲ ನಕ್ಕಿತು, ಕೇಳಿದವಳು ನಗಲಿಲ್ಲ. ಸ್ವಯಂವರ, ಮತ್ಸ್ಯಯಂತ್ರ ಎಂದು ನಾನು ಉತ್ತರಿಸಿದೆ. ಆಕೆಯ ಪ್ರಶ್ನೆ ದ್ರುಪದನ ಸಭೆಯದಾಗಿರಲಿಲ್ಲ, ತನ್ನ ಮನೆಯ ಪಡಸಾಲೆಯದಾಗಿದ್ದಿತು.

ಆದುದರಿಂದ ‘ಸಹಜ ಸೌಂದರ್ಯವೇ ಸೌಂದರ್ಯ’ ಎಂದು ಉಪದೇಶಿಸಿ ಕೈತೊಳೆದುಕೊಳ್ಳುವವರೊಡನೆ ನಾನು ಸೇರಲಾರೆ. ಪಡಸಾಲೆಯಲ್ಲಿ ಕುಳಿತು ಬಣ್ಣ ತೂಗುವವರು ನಾವೇ. ನಾಚಿಕೆ ಕಲಿಸಿದವರು ಬಳಿಕ ವೈರಾಗ್ಯವನ್ನು ಬೋಧಿಸುವುದು ಸಲ್ಲದು. ಮೇಲಾಗಿ ಈ ವಿದ್ಯೆಯೆಲ್ಲ ಶೃಂಗಾರದ ವಿಲಾಸವೂ ಅಲ್ಲ. ಸುಟ್ಟಗಾಯದ ಗಂಟು, ಮೊಡವೆಯ ಕುಳಿ, ಗ್ರಂಥಿರಸದ ಏರುಪೇರಿನಿಂದ ಗಲ್ಲದ ಮೇಲೆ ಬೆಳೆದ ಕೂದಲು ಇವುಗಳಿಗೆ ಅದು ನಿಜವಾದ ಚಿಕಿತ್ಸೆ. ಸುಕ್ಕಿನ ಮದ್ದೆಂದು ಹೆಸರಾದ ಬೊಟಾಕ್ಸಿಗೆ ಅಮೆರಿಕದಲ್ಲಿ ಮೊದಲು ಮಾನ್ಯತೆ ದೊರೆತುದು 1989ರಲ್ಲಿ, ಮೆಳ್ಳೆಗಣ್ಣಿಗೂ ರೆಪ್ಪೆಯ ಸೆಳೆತಕ್ಕೂ. ಹುಬ್ಬಿನ ನಡುವಣ ಗೆರೆಗೆ 2002ರಲ್ಲಿ.

ನನ್ನ ತಕರಾರು ಯಂತ್ರ ಹಿಡಿದ ಕೈಯನ್ನು ಕುರಿತದ್ದು. ಕಾರ್ಯಾಗಾರಗಳಲ್ಲಿ ನೋಡಿದ್ದಾಗಲಿ ಯೂಟ್ಯೂಬಿನಲ್ಲಿ ಕಂಡದ್ದಾಗಲಿ ಸೌಂದರ್ಯ ಚಿಕಿತ್ಸೆಗೆ ಸಾಕಾದ ತರಬೇತಿಯಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಬೇಕಾಯಿತು. ಇಷ್ಟನ್ನು ಬರೆದು ಹೇಳಬೇಕಾದರೆ ಪೇಟೆ ಎಲ್ಲಿಗೆ ಮುಟ್ಟಿರಬೇಡ! ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ 21 ವರ್ಷದ ಕಿರುತೆರೆಯ ನಟಿಯೊಬ್ಬಳು ತೀರಿಕೊಂಡಳು. ರಾಜಧಾನಿಯಲ್ಲೇ ಹೀಗಾದರೆ, ವಾರದಲ್ಲೊಂದು ದಿನ ಯಂತ್ರ ಹೊತ್ತು ಬಂದು ಬಾಡಿಗೆ ಕೋಣೆಯಲ್ಲಿ ಕೂರುವವರನ್ನು ನಂಬುವುದು ಹೇಗೆ? ಕಲಬುರಗಿಯ ಬಸ್ಸು ಹತ್ತಿ ಚರ್ಮತಜ್ಞರನ್ನು ಕಾಣುವುದೆಂದರೆ ಒಂದು ದಿನದ ಕೂಲಿ ಕಳೆದುಕೊಳ್ಳುವುದೆಂಬುದನ್ನು ಬಲ್ಲೆ. ಆದರೂ ಹೋಗಲೆಂದೇ ನನ್ನ ವಿದ್ಯಾರ್ಥಿನಿಯರಿಗೆ ಹೇಳುತ್ತೇನೆ. ಹೋದಲ್ಲಿ ಸಂಕೋಚವಿಲ್ಲದೆ ಕೇಳಲಿ: ಯಂತ್ರ ನಡೆಸುವವರ ಪದವಿ ಯಾವುದು, ಅದರ ಬೆಳಕಿನ ಅಲೆಯುದ್ದವೆಷ್ಟು, ಮುಖಕ್ಕೆ ಹಿಡಿಯುವ ಮುನ್ನ ಕಿವಿಯ ಹಿಂದಿನ ಚರ್ಮದ ಮೇಲೆ ಒಂದಿಷ್ಟು ಪರೀಕ್ಷಿಸಿ ಕೆಲವು ದಿನ ಕಾಯಲು ಅವರು ಸಿದ್ಧರೆ?