ಗಿಂಡಿಯೊಳಗಿನ ಶುಕ್ರಾಚಾರ್ಯ

ಬಲಿಚಕ್ರವರ್ತಿಯು ವಾಮನನಿಗೆ ದಾನವನ್ನು ಧಾರೆಯೆರೆಯಲು ಗಿಂಡಿಯನ್ನೆತ್ತಿದಾಗ, ಕುಲಗುರುವಾದ ಶುಕ್ರಾಚಾರ್ಯನು ಕೀಟರೂಪದಿಂದ ಅದರ ನಾಳದಲ್ಲಡಗಿ ನೀರನ್ನು ತಡೆದನೆಂಬ ಕಥೆಯನ್ನು ಅರಿಯದವರಾರು? ಆದರೆ ಅಡ್ಡಬಂದವನು ಶತ್ರುವಲ್ಲ, ಲೋಭಿಯೂ ಅಲ್ಲ. ಮನೆತನದ ಹಿತವನ್ನೇ ಬಯಸಿದ ಬುದ್ಧಿವಂತನೆಂಬುದನ್ನು ಎಲ್ಲರೂ ಮರೆಯುವರು.

ಇಂದಿನ ಸ್ಥಿತಿವಂತ ಕುಟುಂಬಗಳಲ್ಲಿಯೂ ನೀರು ನಿಂತಿರುವುದು ಅಲ್ಲಿಯೇ. ಧನಿಕರೆಲ್ಲರೂ ಲೋಭಿಗಳೆಂದು ಬಯ್ದು ತೃಪ್ತರಾಗುವವರು ರೋಗವನ್ನು ತಿಳಿಯದೆ ಮದ್ದನ್ನು ಅರೆಯುವರು. ಕೊಡಬೇಕೆಂಬ ಮನಸ್ಸು ಅನೇಕರಲ್ಲುಂಟು. ಅದನ್ನು ತಡೆಯುವುದು ವಿವೇಕದ ವೇಷವನ್ನು ತೊಟ್ಟ ಭಯ. 'ಮಗಳ ಮದುವೆಯಾಗಲಿ' ಎಂದು ಒಂದು ವರ್ಷ, 'ಮನೆ ಕಟ್ಟಿ ಮುಗಿಯಲಿ' ಎಂದು ಇನ್ನೊಂದು ವರ್ಷ. 'ಪಡೆದವನು ಪಾತ್ರನಲ್ಲದಿದ್ದರೆ?' 'ಒಬ್ಬನಿಗೆ ಕೊಟ್ಟರೆ ನೂರು ಮಂದಿ ಬಾಗಿಲಿಗೆ ಬಂದಾರು!' ಹೀಗೆ ಸಾಕೆಂಬ ಗೆರೆಯು ಮುಂದುಮುಂದಕ್ಕೆ ಸರಿಯುವುದು. ಕಡೆಗೆ ಯಜಮಾನನು ತೀರಿಕೊಳ್ಳುವನು. ಯಾರಿಗೂ ಹೇಳದ ಇಚ್ಛೆಯು ಅವನೊಡನೆಯೇ ಹೋಗುವುದು. ಸ್ವತ್ತು ನ್ಯಾಯಾಲಯದ ಮೆಟ್ಟಿಲನ್ನೇರುವುದು.

'ಕೊಟ್ಟರೆ ಮಕ್ಕಳಿಗೆ ಅನ್ಯಾಯ' ಎಂಬ ವಾದಕ್ಕೆ ಬೆಂಗಳೂರಿನ ವಿಜ್ಞಾನಮಂದಿರವೇ ಉತ್ತರ. ಜಮ್‌ಶೆಟ್‌ಜಿ ಟಾಟಾ ಅವರು 1898ರಲ್ಲಿ ಉನ್ನತ ವಿದ್ಯೆಯ ಸಂಸ್ಥೆಯೊಂದಕ್ಕಾಗಿ ತಮ್ಮ ಸ್ವತ್ತಿನ ಅರ್ಧಭಾಗವನ್ನು, ಸುಮಾರು 30 ಲಕ್ಷ ರೂಪಾಯಿ ಬೆಲೆಯುಳ್ಳುದನ್ನು, ಕೊಡಲು ಮುಂದಾದರು. ಸಂಸ್ಥೆಯು ಕಣ್ಣಿಗೆ ಕಾಣುವ ಮೊದಲೇ, 1904ರಲ್ಲಿ, ಕಾಲವಶರಾದರು. ಆದರೆ ಮಾತು ಬಹಿರಂಗವಾಗಿದ್ದಿತು. ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ಅದನ್ನು ನಡೆಸಿಕೊಟ್ಟರು. ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನಿತ್ತಿತು. 1909ರಲ್ಲಿ ಸಂಸ್ಥೆಯು ಸ್ಥಾಪಿತವಾಯಿತು. ಆ ಮನೆತನವು ಬಡವಾಯಿತೇ? ಆ ಮಕ್ಕಳಿಗೆ ಅನ್ಯಾಯವಾಯಿತೇ? ಅವರೇ ಮುಂದೆ ತಮ್ಮ ಸ್ವತ್ತನ್ನೂ ಧರ್ಮನಿಧಿಗಳಿಗೆ ಬಿಟ್ಟುಹೋದರು. ತಂದೆಯ ಹಣಕ್ಕಿಂತ ತಂದೆಯ ನಡತೆಯೇ ಹಿರಿಯ ಆಸ್ತಿಯಾಯಿತು.

'ಅವರು ಕೋಟ್ಯಧೀಶರು, ನಾವಲ್ಲ' ಎಂಬುದು ಶುಕ್ರಾಚಾರ್ಯನ ಕೊನೆಯ ಮಾತು. ಅನುಕರಿಸತಕ್ಕದ್ದು ಮೊತ್ತವನ್ನಲ್ಲ, ಕ್ರಮವನ್ನು. ಬದುಕಿರುವಾಗಲೇ, ಎಲ್ಲರೂ ಕೇಳುವಂತೆ, ಇಂತಿಷ್ಟು ಎಂದು ನುಡಿಯುವುದೇ ಆ ಕ್ರಮ. ಯುಗಾದಿಯ ದಿನ ಮನೆಮಂದಿಯೆಲ್ಲ ಕುಳಿತು ವರ್ಷದ ಆದಾಯದಲ್ಲಿ ಒಂದು ಪಾಲನ್ನು ಗೊತ್ತುಮಾಡಲಿ. ಅದನ್ನು ಖರ್ಚಿನ ಪಟ್ಟಿಯ ಕಡೆಯಲ್ಲಲ್ಲ, ಮೊದಲಲ್ಲಿ ಬರೆಯಲಿ. ಯಾರಿಗೆ ಸಲ್ಲಬೇಕೆಂಬುದನ್ನು ಮಕ್ಕಳೂ ಸೊಸೆಯಂದಿರೂ ಕೂಡಿ ಆರಿಸಲಿ. ಸಂದುದು ಏನಾಯಿತೆಂಬುದನ್ನು ವರ್ಷಾಂತ್ಯದಲ್ಲಿ ಅವರೇ ಹೋಗಿ ನೋಡಿ ಬರಲಿ. ಪಾತ್ರಾಪಾತ್ರದ ಸಂಶಯವು ಕೊಡದೆ ಕುಳಿತವನಿಗೆ ಎಂದಿಗೂ ತೀರದು. ಕೊಟ್ಟು ನೋಡಿದವನಿಗೆ ಮರುವರ್ಷವೇ ಅರ್ಧ ತೀರುವುದು. ಒಬ್ಬ ಬಡಹುಡುಗನ ಶಾಲೆಯ ಶುಲ್ಕದಿಂದ ಆರಂಭಿಸಿದರೂ ಸಾಕು.

ಗಿಂಡಿಯ ನಾಳವನ್ನು ಬಿಡಿಸಲು ವಾಮನನು ಆಯುಧವನ್ನು ಹುಡುಕಲಿಲ್ಲ. ಒಂದು ದರ್ಭೆಯ ಕಡ್ಡಿಯೇ ಸಾಕಾಯಿತು.