ಡಬ್ಬಿ ಕೆ.ಆರ್. ಪೇಟೆಯಲ್ಲಿ, ಬೀಗದ ಕೈ ರಿಯಾದ್‌ನಲ್ಲಿ

"ನೆಟ್ ಪೂರ್ತಿ ನಿಂತುಹೋಯ್ತು. ನಿಮ್ಮ ಭಾವ ಏನೋ ಒತ್ತಿಬಿಟ್ಟರು. ಸ್ವಲ್ಪ ಬಂದು ಹೋಗಪ್ಪಾ" ಎಂದು ಕೆ.ಆರ್. ಪೇಟೆಯಿಂದ ಆಪಾ ಫೋನ್ ಮಾಡಿದರು. ಪಾಂಡವಪುರದಿಂದ ಚಿನಕುರಳಿ ಮಾರ್ಗದ ಬಸ್ಸು ಹಿಡಿದು ಹೋದೆ.

ನಡೆದದ್ದಿಷ್ಟು. ವೈಫೈ ಪಾಸ್‌ವರ್ಡ್ ಅಕ್ಕಪಕ್ಕದ ಮಕ್ಕಳಿಗೆಲ್ಲಾ ತಿಳಿದುಹೋಗಿತ್ತು. ಅದನ್ನು ಬದಲಾಯಿಸೋಣವೆಂದರೆ ರೂಟರಿನ ಒಳಪುಟ ತೆರೆಯಲು ಬೇರೆಯೇ ಪಾಸ್‌ವರ್ಡ್ ಕೇಳಿತು. ಈ ಎರಡೂ ಒಂದೇ ಎಂದು ನಮ್ಮಲ್ಲಿ ಬಹುತೇಕರು ತಿಳಿದಿದ್ದಾರೆ. ವೈಫೈ ಪಾಸ್‌ವರ್ಡ್ ಮನೆಯೊಳಗೆ ಬರುವವರಿಗೆ. ಇದು ಮನೆಯ ಯಜಮಾನನಿಗೆ. ಮನೆಯ ಎಲ್ಲಾ ಮೊಬೈಲ್‌ಗಳೂ ಈ ಡಬ್ಬಿಯನ್ನು ದಾಟಿಯೇ ಹೊರಗೆ ಹೋಗಬೇಕಾದ್ದರಿಂದ ಅದನ್ನು ಗೇಟ್‌ವೇ ಎನ್ನುತ್ತಾರೆ. ಆಪಾರ ಮಗ ಅದನ್ನು ಜೋಡಿಸಿ, ತನಗೆ ತೋಚಿದ ಪಾಸ್‌ವರ್ಡ್ ಇಟ್ಟು, ರಿಯಾದ್‌ಗೆ ಹೋಗಿ ಎರಡು ವರ್ಷವಾಗಿತ್ತು. ಕೇಳಿದರೆ ಅವನಿಗೂ ನೆನಪಿಲ್ಲ!

ಡಬ್ಬಿಯ ಹಿಂದೆ ಒಂದು ಸಣ್ಣ ತೂತಿರುತ್ತದೆ. ವಿದ್ಯುತ್ ಇರುವಾಗಲೇ ಅದರೊಳಗಿನ ಗುಂಡಿಯನ್ನು ಸುಮಾರು ಹತ್ತು ಸೆಕೆಂಡು ಒತ್ತಿ ಹಿಡಿದರೆ ದೀಪಗಳೆಲ್ಲಾ ಆರಿ ಮತ್ತೆ ಹತ್ತುತ್ತವೆ. ಹಳೆಯ ಪಾಸ್‌ವರ್ಡ್ ಅಳಿದು, ತಳದ ಚೀಟಿಯಲ್ಲಿ ಅಚ್ಚಾಗಿರುವುದು ಜಾರಿಗೆ ಬರುತ್ತದೆ. ಭಾವ ಆಪಾರ ಬುರ್ಖಾದ ಪಿನ್ನಿನಿಂದ ಇದನ್ನೇ ಮಾಡಿದ್ದರು. ತಪ್ಪೇನಿಲ್ಲ. ಆದರೆ ಆ ಗುಂಡಿ ಪಾಸ್‌ವರ್ಡ್ ಒಂದನ್ನೇ ಅಳಿಸುವುದಿಲ್ಲ. ಕಂಪೆನಿಯವರು ಸಂಪರ್ಕಕ್ಕೆಂದು ಕೊಟ್ಟ ಬಳಕೆದಾರ ಹೆಸರು, ಅದರ ಗುಪ್ತಪದ ಎಲ್ಲವನ್ನೂ ಒರೆಸಿಹಾಕುತ್ತದೆ. ಬೀಗ ತೆರೆಯಿತು, ಒಳಗೆ ಮನೆ ಖಾಲಿ.

ನಾನು ಮೊಬೈಲಿನಲ್ಲಿ 192.168.1.1 ಎಂದು ಬರೆದು ಒಳಹೋದೆ. (ಕೆಲವು ಡಬ್ಬಿಗಳಲ್ಲಿ ಈ ಅಂಕಿ ಬೇರೆ, ಫೋನಿನ ವೈಫೈ ವಿವರದಲ್ಲಿ 'ಗೇಟ್‌ವೇ' ಎಂಬುದರ ಮುಂದೆ ಸಿಗುತ್ತದೆ.) ಕಂಪೆನಿಯ ಹೆಸರು ತುಂಬುವ ಜಾಗ ಬರಿದಾಗಿತ್ತು. ಕಚೇರಿಗೆ ಫೋನ್ ಮಾಡಿದರೆ, ನೋಂದಾಯಿತ ಮೊಬೈಲಿಗೆ ಓಟಿಪಿ ಕಳುಹಿಸುತ್ತೇವೆ ಎಂದರು. ಆ ನಂಬರು ಯಾವುದು? ಹುಡುಗನ ಹಳೆಯ ಸಿಮ್. ರೀಚಾರ್ಜ್ ಇಲ್ಲದೆ ಅದು ಸತ್ತು ಎಷ್ಟೋ ಕಾಲವಾಗಿತ್ತು.

ಆಪಾರ ಮಗಳ ಪರೀಕ್ಷಾ ಅರ್ಜಿಗೆ ಮರುದಿನವೇ ಕೊನೆ. ಅವಳು ಕಣ್ಣೀರು ಹಾಕುತ್ತಾ ಕುಳಿತಿದ್ದಳು. ನನ್ನ ಮೊಬೈಲಿನ ಡೇಟಾದಲ್ಲಿ ರಾತ್ರಿ ಹನ್ನೊಂದಕ್ಕೆ ಅರ್ಜಿ ಹೋಯಿತು. ಸಂಪರ್ಕ ಬಂದದ್ದು ಮೂರನೇ ದಿನ, ಭಾವ ಆಧಾರ್ ಪ್ರತಿ ಹಿಡಿದು ಕಚೇರಿಗೆ ಹೋದ ಮೇಲೆ. ಅಷ್ಟು ದಿನ ಮಗನ ಮುಖ ನೋಡದೆ ಆಪಾ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಮೊದಲೇ ಕರೆದಿದ್ದರೆ ಪಿನ್ ಹಿಡಿಯುವ ಮುಂಚೆ ಹುಡುಗನ ಹಳೆಯ ಲ್ಯಾಪ್‌ಟಾಪ್ ತೆರೆಯಿರಿ ಎನ್ನುತ್ತಿದ್ದೆ. ಬ್ರೌಸರು ಎಷ್ಟೋ ಸಲ ಪಾಸ್‌ವರ್ಡ್ ಉಳಿಸಿಕೊಂಡಿರುತ್ತದೆ. ಅದು ಬೀರುವಿನ ಮೇಲೆಯೇ ಇತ್ತು. ನಾವು ನೋಡಿದ್ದು ಆಮೇಲೆ.

"ಇನ್ನು ಪಾಸ್‌ವರ್ಡೇ ಬೇಡ, ಚೀಟಿಯಲ್ಲಿರುವುದೇ ಇರಲಿ" ಎಂದರು ಭಾವ. ನಾನು ಒಪ್ಪಲಿಲ್ಲ. 2017ರ ಜುಲೈಯಲ್ಲಿ ನಮ್ಮ ಕರ್ನಾಟಕದಲ್ಲೇ ಬಿಎಸ್ಎನ್ಎಲ್ ಗ್ರಾಹಕರ ಸುಮಾರು 60 ಸಾವಿರ ಮೋಡೆಮ್‌ಗಳು ಒಂದು ದುಷ್ಟ ತಂತ್ರಾಂಶದ ದಾಳಿಗೆ ಸಿಕ್ಕಿ ನಿಂತುಹೋಗಿದ್ದವು. ಕಂಪೆನಿಯಿಂದ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನೇ ಬದಲಾಯಿಸದೆ ಬಿಟ್ಟಿದ್ದ ಮೋಡೆಮ್‌ಗಳವು. ಎಲ್ಲರೂ ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂದು ಆಗ ಸಂಸ್ಥೆಯೇ ಹೇಳಬೇಕಾಯಿತು.

ಹೊಸದನ್ನು ಇಟ್ಟೆವು. ಕಂಪೆನಿಯ ಹೆಸರು, ಗುಪ್ತಪದ, ನೋಂದಾಯಿತ ನಂಬರು (ಈಗ ಆಪಾರದೇ) ಎಲ್ಲವನ್ನೂ ಮಗಳು ಗ್ಯಾಸ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದಳು. ಸಂಜೆ ರಿಯಾದ್‌ನಿಂದ ಕರೆ ಬಂದಾಗ ಆಪಾ ಸಲಾಮ್ ಹೇಳಿ ಕೇಳಿದ ಮೊದಲ ಮಾತು: "ಬೇಟಾ, ಇನ್ನೂ ಯಾವುದಕ್ಕೆಲ್ಲಾ ಆ ಹಳೇ ನಂಬರ್ ಕೊಟ್ಟಿದ್ದೀಯ?"

ಬ್ಯಾಂಕಿಗೂ ಕೊಟ್ಟಿದ್ದನಂತೆ.